ಬೆಟ್ಟಕ್ಕೆ ಹೋಗಲಿ, ಆದರೆ ಹೇಳಿ ಹೋಗಲಿ

ಶನಿವಾರ ರಾತ್ರಿ ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದರೆ, 'ರೂಮಲ್ಲೇ ಇದ್ದೇನೆ ಉಮ್ಮಾ, ಸುಸ್ತಾಗಿದೆ, ಮಲಗ್ತೇನೆ' ಎಂಬ ಉತ್ತರ. ಭಾನುವಾರ ಬೆಳಗ್ಗೆ ಅದೇ ಮಗನ ಸ್ಟೇಟಸ್ ಯಾರೋ ನೆಂಟರ ಮೊಬೈಲಿನಲ್ಲಿ ಕಾಣುತ್ತದೆ. ಸ್ಕಂದಗಿರಿಯ ತುದಿ, ಕೆಳಗೆ ಮೋಡ, ಹೆಗಲ ಮೇಲೆ ಕೈ ಹಾಕಿ ನಿಂತ ಆರು ಮಂದಿ ಗೆಳೆಯರು. ಉಮ್ಮನಿಗೆ ಮಾತ್ರ ಆ ಸ್ಟೇಟಸ್ ಕಾಣದ ಹಾಗೆ ಮಾಡಿಟ್ಟಿರುತ್ತಾನೆ. ನಮ್ಮ ಎಷ್ಟೋ ಮನೆಗಳಲ್ಲಿ ಈಗ ಇದೇ ಕಥೆ.

ಮಗ ಬೆಟ್ಟ ಹತ್ತಿದ್ದರಲ್ಲಿ ತಪ್ಪೇನೂ ಇಲ್ಲ. ವಾರದ ಐದಾರು ದಿನ ಕಂಪ್ಯೂಟರ್ ಮುಂದೆಯೋ ಅಂಗಡಿಯ ಕೌಂಟರಿನಲ್ಲೋ ಕಳೆದು, ಅರ್ಧ ಆಯುಷ್ಯ ಟ್ರಾಫಿಕ್ಕಿನಲ್ಲಿ ಸವೆಸುವ ಹುಡುಗನಿಗೆ ಒಂದು ದಿನ ಮರ, ಕಲ್ಲು, ಗಾಳಿ ಬೇಕು ಅನ್ನಿಸುವುದು ಸಹಜ. ಬೆಂಗಳೂರಿನ ಸುತ್ತ ಅದಕ್ಕೆ ಕೊರತೆಯೂ ಇಲ್ಲ. ಚಿಕ್ಕಬಳ್ಳಾಪುರದ ಕಡೆ ನಂದಿಬೆಟ್ಟ, ಸ್ಕಂದಗಿರಿ, ಮಾಗಡಿ ಕಡೆ ಸಾವನದುರ್ಗ, ಕೋಲಾರದ ಅಂತರಗಂಗೆ, ರಾಮನಗರದ ಬಂಡೆಗಳು. ಬೆಳಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದಾದ ಜಾಗಗಳು. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿ ಯೋಚಿಸಲು ಕುರ್‌ಆನ್ ಕೂಡಾ ಹೇಳುತ್ತದೆ. ವ್ಯಾಪಾರಕ್ಕೆಂದು ಕಡಲು, ಘಟ್ಟ ದಾಟಿದ ಹಿರಿಯರ ಮಕ್ಕಳು ನಾವು. ತಿರುಗಾಟ ನಮಗೆ ಹೊಸತಲ್ಲ.

ಹಾಗಾದರೆ ಸುಳ್ಳು ಯಾಕೆ? ಕೇಳಿದರೆ ನಾವು 'ಬೇಡ' ಅಂತೇವೆ, ಅದಕ್ಕೆ. 'ಟೆಂಟ್, ಕ್ಯಾಂಪ್ ಅಂದರೆ ಕುಡಿತವೇ' ಎಂದು ಬಾಪ ಸಿಟ್ಟಾಗುತ್ತಾರೆ. 'ಬೈಕಲ್ಲಿ ಮಾತ್ರ ಹೋಗಬೇಡ' ಎಂದು ಉಮ್ಮ ಅಳುತ್ತಾರೆ. ಹೆತ್ತವರ ಈ ಭಯ ಸುಳ್ಳಲ್ಲ, ಅದನ್ನು ಗೇಲಿ ಮಾಡುವ ಅಧಿಕಾರ ಮಕ್ಕಳಿಗಿಲ್ಲ. ಆದರೆ 'ಬೇಡ' ಎಂಬ ಒಂದೇ ಮಾತಿನಿಂದ ಇಪ್ಪತ್ತೈದರ ಹುಡುಗ ರೂಮಲ್ಲಿ ಕೂರುವುದಿಲ್ಲ. ಹೋಗಿಯೇ ಹೋಗುತ್ತಾನೆ, ಎಲ್ಲಿಗೆ ಎಂಬುದು ಮಾತ್ರ ನಮಗೆ ಗೊತ್ತಾಗುವುದಿಲ್ಲ. ನಾಳೆ ಏನಾದರೂ ಆದರೆ ಎಲ್ಲಿ ಹುಡುಕಬೇಕು, ಯಾರಿಗೆ ಫೋನ್ ಮಾಡಬೇಕು ಅಂತಲೂ ತಿಳಿಯದು. ಅಪಾಯ ಬೆಟ್ಟಕ್ಕಿಂತ ಹೆಚ್ಚು ಈ ಗುಟ್ಟಿನಲ್ಲಿದೆ.

ಬೆಟ್ಟದ ಅಪಾಯವೂ ಸಣ್ಣದಲ್ಲ. ಸೂರ್ಯೋದಯ ನೋಡಬೇಕೆಂದು ನಡುರಾತ್ರಿ ನಿದ್ದೆಗಣ್ಣಲ್ಲಿ ಹೆದ್ದಾರಿಗೆ ಬೈಕ್ ಇಳಿಸುವುದೇ ಮೊದಲ ಗಂಡಾಂತರ. ಸಾವನದುರ್ಗ ಒಂದೇ ಬಂಡೆಯಂತಿರುವ ಬೃಹತ್ ಬೆಟ್ಟ. ಒಣಗಿದಾಗಲೇ ಕಡಿದಾದ ಏರು, ಮಳೆ ಬಿದ್ದರೆ ಕಾಲು ನಿಲ್ಲದು. ಆ ಕಾಡಿನಲ್ಲಿ ಕರಡಿಗಳೂ ಉಂಟು. ಮೇಕೆದಾಟಿನಲ್ಲಿ ಕಾವೇರಿ ಮೇಲಿನಿಂದ ಶಾಂತವಾಗಿ ಕಂಡರೂ ಒಳಗೆ ಸುಳಿ, ಬಂಡೆಯ ಗುಂಡಿಗಳಿವೆ. ಕಡಲ ಬದಿಯವನು, ಈಜು ಬರುತ್ತದೆ ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಕಾನೂನೂ ಬಿಗಿಯಾಗಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದ್ದು ನೆನಪಿರಬಹುದು. ಆಮೇಲೆ ಆನ್‌ಲೈನ್ ಬುಕ್ಕಿಂಗ್ ಇಲ್ಲದ ಚಾರಣಕ್ಕೆ ಅರಣ್ಯ ಇಲಾಖೆ ತಡೆ ಹಾಕಿತು. ಅನುಮತಿಯಿಲ್ಲದೆ ಕಾಡಿಗೆ ನುಗ್ಗಿ, ಟೆಂಟ್ ಹಾಕಿ, ಬೆಂಕಿ ಹಚ್ಚಿದರೆ ಕೇಸು ಬೀಳುತ್ತದೆ. ಬೇಸಿಗೆಯಲ್ಲಿ ಒಂದು ಕಿಡಿ ಸಾಕು, ಇಡೀ ಗುಡ್ಡ ಹೊತ್ತಿ ಉರಿಯಲು.

ಆದ್ದರಿಂದ ಹೆತ್ತವರು 'ಹೋಗಬೇಡ' ಎನ್ನುವ ಬದಲು 'ಹೇಳಿ ಹೋಗು' ಎನ್ನುವುದು ಒಳ್ಳೆಯದು. ನಾಲ್ಕು ವಿಷಯ ಕೇಳಿ. ಯಾವ ಬೆಟ್ಟ? ಜೊತೆಗೆ ಯಾರು, ಅವರಲ್ಲಿ ಇಬ್ಬರ ನಂಬರ್ ಯಾವುದು? ಬುಕ್ಕಿಂಗ್ ಆಗಿದೆಯಾ? ಎಷ್ಟು ಗಂಟೆಗೆ ಇಳಿಯುತ್ತೀರಿ? ಇಳಿದ ಕೂಡಲೇ ಒಂದು ಫೋನ್ ಮಾಡಲಿ. ಹೇಳಿದ ಹೊತ್ತು ಮೀರಿಯೂ ಸುದ್ದಿ ಇಲ್ಲದಿದ್ದರೆ ಜೊತೆಗಿದ್ದವರಿಗೆ, ಅವರೂ ಸಿಗದಿದ್ದರೆ ಪೊಲೀಸರಿಗೆ ಹೇಳಲು ಆಗ ನಮ್ಮ ಕೈಯಲ್ಲಿ ವಿವರ ಇರುತ್ತದೆ. ಅಲ್ಲಿ ತೊಂದರೆಯಾದರೆ 112ಕ್ಕೆ ಕರೆ ಮಾಡಲು ಹುಡುಗರಿಗೂ ಗೊತ್ತಿರಲಿ. ಅವನು ನಿಜ ಹೇಳಿದ ದಿನ ಮಾತ್ರ ಬೈಯಬೇಡಿ. ಅಂದು ಬೈದರೆ ಮುಂದಿನ ವಾರ ಮತ್ತೆ 'ರೂಮಲ್ಲೇ ಇದ್ದೇನೆ' ಶುರುವಾಗುತ್ತದೆ.

ಹುಡುಗರಿಗೂ ಒಂದು ಮಾತು. ಮೂವರು ಪ್ರಯಾಣ ಹೊರಟರೂ ತಮ್ಮಲ್ಲೊಬ್ಬನನ್ನು ಅಮೀರನನ್ನಾಗಿ ಮಾಡಿಕೊಳ್ಳಬೇಕೆಂದು ನಮ್ಮ ಪ್ರವಾದಿ (ಸ.ಅ.) ಕಲಿಸಿದ್ದಾರೆ. ಚಾರಣಕ್ಕೆ ಇದಕ್ಕಿಂತ ಒಳ್ಳೆಯ ಸುರಕ್ಷತಾ ನಿಯಮ ಯಾವುದುಂಟು? 'ಮಳೆ ಬಂತು, ವಾಪಸ್' ಎಂದು ಅವನು ಹೇಳಿದರೆ ಸೆಲ್ಫಿ ಬಾಕಿ ಇದ್ದರೂ ಎಲ್ಲರೂ ಇಳಿಯಬೇಕು. ಹಿಂದೆ ಉಳಿದವನಿಗಾಗಿ ಗುಂಪು ನಿಲ್ಲಬೇಕು.

ನಮಾಝಿನ ವಿಷಯವೂ ಅಷ್ಟೆ. ಪ್ರಯಾಣದಲ್ಲಿ ನಮಾಝ್ ಕಸ್ರ್ ಮಾಡುವ ರಿಯಾಯಿತಿಗೆ ದೂರದ ಷರತ್ತು ಉಂಟು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರಿನ ಬೆಟ್ಟಕ್ಕೆ ಹೋಗಿ ಸ್ವಂತ ಫತ್ವಾ ಕೊಟ್ಟುಕೊಳ್ಳಬೇಡಿ, ಉಸ್ತಾದರಲ್ಲಿ ಕೇಳಿ. ವುಝೂಗೆ ಒಂದು ಬಾಟಲಿ ನೀರು ಹೆಚ್ಚು ಹೊತ್ತರೆ ಬೆನ್ನೇನೂ ಮುರಿಯುವುದಿಲ್ಲ. ಸೂರ್ಯೋದಯ ನೋಡಲೆಂದೇ ಎದ್ದವನಿಗೆ ಸುಬ್‌ಹಿ ತಪ್ಪಿತು ಎನ್ನಲು ನೆಪವೂ ಇಲ್ಲ.

ಇನ್ನೊಂದು ಮಾತು. ಬೆಟ್ಟ ಗಂಡುಮಕ್ಕಳಿಗೆ ಮಾತ್ರ ಯಾಕೆ? ಭಾನುವಾರ ಎಲ್ಲರೂ ಹೊರಗೆ, ಉಮ್ಮನೂ ಅಕ್ಕ ತಂಗಿಯರೂ ಅಡುಗೆಮನೆಯಲ್ಲಿ. ಇದೂ ಬದಲಾಗಲಿ. ನಂದಿಬೆಟ್ಟದ ತುದಿವರೆಗೂ ರಸ್ತೆ ಉಂಟು, ಮೊಣಕಾಲು ನೋವಿನ ಅಜ್ಜಿಯೂ ಬರಬಹುದು. ಒರೊಟ್ಟಿ, ಸಾರು ಕಟ್ಟಿಕೊಂಡು ಮನೆಮಂದಿಯೆಲ್ಲ ಒಮ್ಮೆ ಹೋಗಿ ನೋಡಿ. ಪ್ಲಾಸ್ಟಿಕ್ ಮಾತ್ರ ಚೀಲದಲ್ಲೇ ವಾಪಸ್ ಬರಲಿ. ಬೆಂಗಳೂರಿನಲ್ಲಿರುವ ನಮ್ಮ ಸಂಘಟನೆಗಳೂ ಇಫ್ತಾರ್ ಕೂಟ, ಕ್ರಿಕೆಟ್ ಟೂರ್ನಿಗಳ ಜೊತೆ ಅನುಭವಿಗಳನ್ನು ಮುಂದಿಟ್ಟು ವರ್ಷಕ್ಕೆರಡು ಚಾರಣ ಏರ್ಪಡಿಸಬಹುದಲ್ಲ? ಹೆತ್ತವರಿಗೆ ಧೈರ್ಯ, ಹುಡುಗರಿಗೆ ಒಳ್ಳೆಯ ಜೊತೆ, ಎರಡೂ ಸಿಕ್ಕೀತು.

ಮಕ್ಕಳ ಕಾಲು ಕಟ್ಟಿಹಾಕಲು ನಮ್ಮಿಂದ ಆಗದು. ಹೊರಡುವ ಮುಂಚೆ ಮನೆಗೆ ನಿಜ ಹೇಳುವ ಧೈರ್ಯವನ್ನು ಅವರಿಗೆ ಕೊಡಲು ಆಗುತ್ತದೆ. ಉಮ್ಮನ ದುಆ ಜೊತೆಗಿರಬೇಕಾದರೆ ಅವನು ಹೊರಟದ್ದು ಎಲ್ಲಿಗೆಂದು ಉಮ್ಮನಿಗೆ ಗೊತ್ತಿರಬೇಕಲ್ಲ?