ಎಳೆ ಬಸಿರಿನಲ್ಲಿ ಕಾಣುವ ಕೆಂಪು

ಮುಟ್ಟಿನ ದಿನ ಕಳೆದು ವಾರವಾಗಿದೆ. ಔಷಧದ ಅಂಗಡಿಯಿಂದ ತಂದ ಪಟ್ಟಿಯಲ್ಲಿ ಎರಡು ಗೆರೆಗಳೂ ಮೂಡಿವೆ. ಪತಿಗಲ್ಲದೆ ಮತ್ತಾರಿಗೂ ಸುದ್ದಿ ತಿಳಿದಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಒಳ ಉಡುಪಿನಲ್ಲಿ ಕಂದು ಬಣ್ಣದ ಕಲೆಯೊಂದು ಕಾಣುತ್ತದೆ. ಅತ್ತೆಗೆ ಹೇಳೋಣವೆಂದರೆ, ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬಾರದೆಂಬ ಪದ್ಧತಿ. ಹೇಳದಿರೋಣವೆಂದರೆ ಮನಸ್ಸು ತಡೆಯದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಎಷ್ಟೋ ಮನೆಗಳಲ್ಲಿ ಹೊಸ ಸೊಸೆ ಈ ಸಂಕಟವನ್ನು ಒಬ್ಬಳೇ ನುಂಗಿಕೊಳ್ಳುತ್ತಾಳೆ.

ಮೊದಲು ಆಕೆಗೆ ತಿಳಿಯಬೇಕಾದ ಸಂಗತಿಯೆಂದರೆ, ಇದು ಅಪರೂಪವಲ್ಲ. ಬಸಿರಾದ ನಾಲ್ವರಲ್ಲಿ ಸುಮಾರು ಒಬ್ಬಳಿಗೆ ಮೊದಲ ಮೂರು ತಿಂಗಳಲ್ಲಿ ಒಂದಿಷ್ಟಾದರೂ ರಕ್ತ ಕಾಣುತ್ತದೆ; ಅಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮುಂದೆ ಆರೋಗ್ಯವಂತ ಕೂಸನ್ನೇ ಹೆರುತ್ತಾರೆ. ಕಲೆ ಕಂಡಿತೆಂದರೆ ಬಸಿರು ಹೋಯಿತೆಂದು ಅಳುತ್ತ ಕೂರಬೇಕಾದುದಿಲ್ಲ.

ಹಾಗಾದರೆ ಈ ರಕ್ತ ಬರುವುದೆಲ್ಲಿಂದ? ಫಲಿತಗೊಂಡ ಅಂಡವು ಆರರಿಂದ ಹನ್ನೆರಡು ದಿನಗಳೊಳಗೆ ಗರ್ಭಕೋಶದ ಒಳಪದರದಲ್ಲಿ ನೆಲೆಯೂರುತ್ತದೆ. ಆಗ ಎರಡು ಹನಿ ರಕ್ತ ಕಾಣಬಹುದೆಂಬ ವಿವರಣೆ ಬಹಳ ಕಾಲದಿಂದ ಪ್ರಚಾರದಲ್ಲಿದೆ. ಆದರೆ ಅದು ಮುಟ್ಟಿನ ದಿನದ ಆಸುಪಾಸಿಗೆ ಮಾತ್ರ ಹೊಂದುವ ಮಾತು. ಮುಟ್ಟು ತಪ್ಪಿ ಎರಡು ಮೂರು ವಾರಗಳಾದ ತರುವಾಯ ಬಂದ ಕಲೆಯನ್ನೂ ಇದರ ತಲೆಗೆ ಕಟ್ಟಿ ಸುಮ್ಮನಿರುವುದು ಸರಿಯಲ್ಲ. ಬಸಿರಿನಲ್ಲಿ ಗರ್ಭಕೋಶದ ಕೊರಳಿಗೆ ರಕ್ತಸಂಚಾರ ಹೆಚ್ಚಿ ಅದು ಮೆದುವಾಗಿರುವುದರಿಂದ ದಂಪತಿಗಳ ಕೂಟದ ನಂತರವೋ ಸೋಂಕು ತಗಲಿದಾಗಲೋ ಸ್ವಲ್ಪ ಕೆಂಪು ಕಾಣುವುದುಂಟು. ಭ್ರೂಣದ ಚೀಲದ ಅಂಚಿನಲ್ಲಿ ರಕ್ತ ಕಟ್ಟಿಕೊಂಡು ನಿಧಾನವಾಗಿ ಒಸರುವುದೂ ಉಂಟು. ಕೆಲವರು ಇಂತಹ ಅಲ್ಪ ಸ್ರಾವವನ್ನೇ ಮುಟ್ಟೆಂದು ಎಣಿಸಿ, ಬಸಿರಿನ ಲೆಕ್ಕವನ್ನು ಒಂದು ತಿಂಗಳು ತಪ್ಪಿಬಿಡುತ್ತಾರೆ.

ಇಷ್ಟೂ ಸೌಮ್ಯವಾದ ಕಾರಣಗಳು. ಹಾಗೆಂದು ಮನೆಯಲ್ಲೇ ತೀರ್ಮಾನಿಸಿ ಕೂರಲಾಗದು. ಅದಕ್ಕೆ ಕಾರಣವೂ ಇದೆ. ನೂರು ಬಸಿರುಗಳಲ್ಲಿ ಒಂದೋ ಎರಡೋ ಗರ್ಭಕೋಶವನ್ನು ಮುಟ್ಟದೆ, ಬಹುತೇಕ ಅಂಡನಾಳದಲ್ಲಿಯೇ ನೆಲೆಯೂರುತ್ತವೆ. ಬೆರಳಿಗಿಂತ ಕಿರಿದಾದ ಆ ನಾಳ ಹಿಗ್ಗಲಾರದೆ ಒಂದು ದಿನ ಒಡೆಯುತ್ತದೆ. ಇಲ್ಲಿ ಮೋಸವಾಗುವುದು ಹೇಗೆಂದರೆ, ಹೊರಗೆ ಕಾಣುವ ರಕ್ತ ಬರಿಯ ಕಲೆಯಷ್ಟೇ ಇರಬಹುದು. ಹೊಟ್ಟೆಯೊಳಗೆ ಮಾತ್ರ ಅದು ಧಾರೆಯಾಗಿ ಸುರಿಯುತ್ತಿರುತ್ತದೆ. ಕಿಬ್ಬೊಟ್ಟೆಯಲ್ಲಿ, ಹೆಚ್ಚಾಗಿ ಒಂದೇ ಪಕ್ಕದಲ್ಲಿ ನೋವು, ಹೆಗಲ ತುದಿಯಲ್ಲಿ ಕಾರಣವಿಲ್ಲದ ನೋವು, ಕಣ್ಣು ಕತ್ತಲೆ, ತಣ್ಣನೆಯ ಬೆವರು—ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಶುಂಠಿ ಕಷಾಯಕ್ಕೆ ಅದು ಸಮಯವಲ್ಲ. ೧೦೮ಕ್ಕೆ ಕರೆಮಾಡುವ ಸಮಯ. ಹಿಂದಿನ ಕಾಲದಲ್ಲಿ ನಾಳ ಒಡೆದವರಲ್ಲಿ ಬದುಕಿದವರು ವಿರಳ. ೧೮೮೩ರಲ್ಲಿ ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಲಾಸನ್ ಟೇಟ್ ಒಡೆದ ನಾಳವನ್ನು ಕಟ್ಟಿ ತೆಗೆದು ರೋಗಿಯನ್ನು ಉಳಿಸಿಕೊಂಡ ಮೇಲೆ ದಾರಿ ತೆರೆಯಿತು. ಈಗ ಒಡೆಯುವ ಮುನ್ನವೇ ಪತ್ತೆಯಾದರೆ ಕೆಲವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಬರಿಯ ಸೂಜಿಮದ್ದಿನಿಂದಲೇ ಗುಣವಾಗುತ್ತದೆ.

ಪತ್ತೆಯ ಸಾಧನ ಅಲ್ಟ್ರಾಸೌಂಡ್ ಸ್ಕ್ಯಾನ್. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ವೈದ್ಯರು ಶಬ್ದದ ಅಲೆಗಳಿಂದ ಗರ್ಭದ ಚಿತ್ರ ಪಡೆದು ೧೯೫೮ರಲ್ಲಿ ಪ್ರಕಟಿಸಿದರು. ಕಡೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ ಸುಮಾರು ಐದು ವಾರಗಳಿಗೆ ಭ್ರೂಣದ ಚೀಲ, ಆರು ವಾರಗಳ ವೇಳೆಗೆ ಹೃದಯದ ಮಿಡಿತ ಇದರಲ್ಲಿ ಕಾಣತೊಡಗುತ್ತವೆ. ಅದಕ್ಕೂ ಮೊದಲು ಹೋದವರಿಗೆ ಏನೂ ಕಾಣದೆ, “ಹತ್ತು ದಿನ ಬಿಟ್ಟು ಬನ್ನಿ” ಎಂಬ ಮಾತು ಕೇಳಿಬಂದರೆ ಎದೆ ಒಡೆದುಕೊಳ್ಳಬಾರದು. ಎರಡು ದಿನಗಳ ಅಂತರದಲ್ಲಿ ರಕ್ತ ಪರೀಕ್ಷಿಸಿ ಬಸಿರಿನ ಹಾರ್ಮೋನು ಏರುವ ರೀತಿಯನ್ನು ನೋಡುವುದೂ ಉಂಟು. ಒಳಗಿನಿಂದ ಮಾಡುವ ಸ್ಕ್ಯಾನಿಗೆ ಹಲವರು ಹೆದರುತ್ತಾರೆ. ಅದರಿಂದ ಗರ್ಭಕ್ಕೆ ಹಾನಿಯಿಲ್ಲ. ಮಿಡಿತ ಕಂಡಿತೆಂದರೆ, ಸ್ರಾವವಿದ್ದರೂ ಬಹುಪಾಲು ಬಸಿರುಗಳು ನಿಲ್ಲುತ್ತವೆ.

ಕೆಲವು ನಿಲ್ಲುವುದಿಲ್ಲ. ಆಗ ಮನೆಯಲ್ಲಿ ಪಂಚಾಯಿತಿ ಆರಂಭವಾಗುತ್ತದೆ: ಪರಂಗಿ ಹಣ್ಣು ತಿಂದಳೇ, ಎಳ್ಳುಂಡೆ ತಿಂದಳೇ, ಬಿಂದಿಗೆ ಎತ್ತಿದಳೇ, ದಿನವೂ ಬೆಂಗಳೂರಿಗೆ ರೈಲಿನಲ್ಲಿ ಅಲೆದುದೇ ಕಾರಣವೇ? ಮೊದಲ ಮೂರು ತಿಂಗಳಲ್ಲಿ ಇಳಿದುಹೋಗುವ ಬಸಿರುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿ ಮೊದಲೇ ಉಂಟಾದ ದೋಷ. ಸೊಸೆ ರೈಲು ಹತ್ತುವ ಮೊದಲೇ ಅದು ನಿರ್ಧಾರವಾಗಿರುತ್ತದೆ. ಅವಳನ್ನು ಕಟಕಟೆಯಲ್ಲಿ ನಿಲ್ಲಿಸುವ ಹಿರಿಯರಿಗೆ ಯಾವ ವೈದ್ಯಶಾಸ್ತ್ರದ ಬೆಂಬಲವೂ ಇಲ್ಲ. ಹಾಸಿಗೆ ಬಿಟ್ಟೇಳದೆ ಮಲಗಿದರೆ ಬಸಿರು ಉಳಿಯುವುದೆಂಬ ನಂಬಿಕೆಗೂ ಆಧಾರ ದೊರೆತಿಲ್ಲ. ದಣಿವಾದರೆ ಮಲಗಲಿ, ಶಿಕ್ಷೆಯೆಂದು ಮಲಗಿಸುವುದು ಬೇಡ. ಸ್ರಾವ ನಿಂತು, ನೋವಿಲ್ಲದೆ, ವೈದ್ಯರು ಬೇಡವೆನ್ನದಿದ್ದರೆ ಆಕೆ ಕೆಲಸಕ್ಕೆ ಹೋಗಬಹುದು. ಪ್ರೊಜೆಸ್ಟರೋನ್ ಮದ್ದು ಎಲ್ಲರಿಗೂ ಬೇಕಾದುದಲ್ಲ. ಹಿಂದೆ ಗರ್ಭಪಾತವಾಗಿದ್ದು ಈಗಲೂ ಸ್ರಾವ ಕಂಡವರಿಗೆ ಅದು ಕೆಲಮಟ್ಟಿಗೆ ನೆರವಾಗಬಹುದೆಂದು ೨೦೧೯ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದು ತೋರಿತು. ನೆರೆಯಾಕೆಯ ಚೀಟಿ ನೋಡಿ ಅಂಗಡಿಯಿಂದ ತರುವ ಮದ್ದು ಅದಲ್ಲ.

ಮೂರು ತಿಂಗಳ ಗುಟ್ಟಿನ ವಿಷಯ. ದೃಷ್ಟಿಯ ಭಯವೋ ಸಂಕೋಚವೋ, ಊರಿಗೆ ಸಾರದಿರುವುದು ಅವರವರ ಇಷ್ಟ. ಆದರೆ ಅತ್ತೆಗೋ ಓರಗಿತ್ತಿಗೋ ನೆರೆಯ ಹಿರಿಯ ಹೆಂಗಸಿಗೋ, ಒಬ್ಬರಿಗಾದರೂ ತಿಳಿದಿರಬೇಕು. ಪತಿ ಬೆಂಗಳೂರಿನ ಕಚೇರಿಯಲ್ಲಿರುವಾಗ ಮನೆಯಲ್ಲಿ ಆಕೆ ಮೂರ್ಛೆ ಹೋದರೆ, ಬಸಿರಿಯೆಂದು ವೈದ್ಯರಿಗೆ ಹೇಳುವವರಾರು? ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಬೇಗ ಮಾಡಿಸಿಕೊಳ್ಳುವುದಕ್ಕೂ ಮೂರು ತಿಂಗಳು ಕಾಯಬೇಕಾಗಿಲ್ಲ.

ಕಲೆ ಮಾತ್ರವಿದ್ದು ನೋವಿಲ್ಲದಿದ್ದರೆ ಒಂದೆರಡು ದಿನದೊಳಗೆ ತಾಲ್ಲೂಕು ಆಸ್ಪತ್ರೆಯಲ್ಲೋ ಪರಿಚಿತ ಪ್ರಸೂತಿ ತಜ್ಞರಲ್ಲೋ ತೋರಿಸಿಕೊಂಡರೆ ಸಾಕು. ಒಂದು ಗಂಟೆಯೊಳಗೆ ಪ್ಯಾಡು ತೊಯ್ದುಹೋದರೆ, ಗಡ್ಡೆಗಳು ಬಿದ್ದರೆ, ಜ್ವರ ಬಂದರೆ ಆ ಕ್ಷಣವೇ ಹೊರಡಬೇಕು. ಕಡೆಯ ಮುಟ್ಟಿನ ತಾರೀಖನ್ನೂ ರಕ್ತದ ಗುಂಪನ್ನೂ ಬರೆದುಕೊಂಡು ಹೋಗುವುದು ಲೇಸು. ಆರ್‌ಎಚ್ ನೆಗೆಟಿವ್ ಇದ್ದವರು ಅದನ್ನು ಮರೆಯದೆ ಹೇಳಬೇಕು, ಕೆಲವರಿಗೆ ಅದಕ್ಕೆಂದೇ ಚುಚ್ಚುಮದ್ದು ಬೇಕಾಗುತ್ತದೆ. ಹಿಂದೆ ನಾಳದಲ್ಲಿ ಬಸಿರಾಗಿದ್ದವರು, ವಂಕಿ ಹಾಕಿಸಿಕೊಂಡಿರುವವರು, ಮಕ್ಕಳು ಸಾಕೆಂದು ಆಪರೇಷನ್ ಆದವರು ವಿಶೇಷವಾಗಿ ಎಚ್ಚರದಿಂದಿರಬೇಕು. “ನನಗೆ ಆಪರೇಷನ್ ಆಗಿದೆ, ಬಸಿರಾಗುವುದೆಲ್ಲಿ?” ಎಂದು ತಡಮಾಡುವವರಲ್ಲಿಯೇ, ಅಪರೂಪಕ್ಕೆ ಬಸಿರು ನಿಂತರೂ ಅದು ನಾಳದಲ್ಲಿ ನಿಲ್ಲುವ ಸಂಭವ ಹೆಚ್ಚು.