ಸಿಸಿ ರಸ್ತೆಯಲ್ಲಿ ಬಿರುಕು: ಸಿಮೆಂಟ್ ಕಳಪೆಯೋ, ಒಳಗಿನ ಸರಳು ಓರೆಯೋ?

"ಮೊನ್ನೆ ಹಾಕಿದ ರಸ್ತೆ, ಆಗಲೇ ಬಿರುಕು! ಸಿಮೆಂಟೇ ಹಾಕಿಲ್ಲ, ಎಲ್ಲರಿಗೂ ಶೇರ್ ಮಾಡಿ." ಇಂಥ ಫಾರ್ವರ್ಡ್‌ಗಳು ನಮ್ಮ ಗುಂಪುಗಳಿಗೆ ಹೊಸತಲ್ಲ. ಬಿರುಕು ನಿಜವಿರಬಹುದು. ಆದರೆ ಕಾರಣ ಯಾವಾಗಲೂ ಸಿಮೆಂಟ್ ಅಲ್ಲ.

ಗೆರೆ ಕೊಯ್ಯುವುದೇಕೆ?

ಕಾಂಕ್ರೀಟ್ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. 4.5 ಮೀಟರ್ ಉದ್ದದ ಚಪ್ಪಡಿಯ ಉಷ್ಣತೆ 20 ಡಿಗ್ರಿ ಬದಲಾದರೆ ಸುಮಾರು 1 ಮಿಲಿಮೀಟರ್ ವ್ಯತ್ಯಾಸ. ಇದಕ್ಕೆ ಜಾಗ ಕೊಡದಿದ್ದರೆ ರಸ್ತೆ ಎಲ್ಲೆಂದರಲ್ಲಿ ಸೀಳುತ್ತದೆ. ಹಾಗಾಗಿ ಯಂತ್ರದಿಂದ ಗೆರೆ ಕೊಯ್ದು, ಬಿರುಕು ಅದರ ಕೆಳಗೇ ಬರುವಂತೆ ಮಾಡುತ್ತಾರೆ. ಇದೇ ಜಾಯಿಂಟ್.

ಸರಳಿನ ಕೆಲಸವೇನು?

ಭಾರಿ ವಾಹನ ಓಡಾಡುವ ದಪ್ಪ ರಸ್ತೆಗಳ ಜಾಯಿಂಟಿನಲ್ಲಿ ನುಣುಪಾದ ಉಕ್ಕಿನ ಸರಳುಗಳಿರುತ್ತವೆ. ಇವೇ ಡೋವೆಲ್ ಬಾರ್. ಸಾಮಾನ್ಯವಾಗಿ 32ರಿಂದ 38 ಮಿಲಿಮೀಟರ್ ದಪ್ಪ, ಅರ್ಧ ಮೀಟರ್ ಉದ್ದ, 300 ಮಿಲಿಮೀಟರಿಗೊಂದು. ಲಾರಿಯ ಭಾರವನ್ನು ಒಂದು ಚಪ್ಪಡಿಯಿಂದ ಪಕ್ಕದ್ದಕ್ಕೆ ದಾಟಿಸುವುದು ಒಂದು ಕೆಲಸ. ಚಪ್ಪಡಿ ಹಿಗ್ಗಿ ಕುಗ್ಗುವಾಗ ಜಾರಲು ಬಿಡುವುದು ಇನ್ನೊಂದು. ಬಾಗಿಲಿನ ಅಗುಳಿ ನೆನೆಯಿರಿ: ನೇರವಿದ್ದರೆ ಸರಿಯುತ್ತದೆ, ಓರೆಯಾದರೆ ಸಿಕ್ಕಿಕೊಳ್ಳುತ್ತದೆ.

ಓರೆಯಾದರೆ?

ಅಕ್ಕಪಕ್ಕದ ಸರಳುಗಳು ಬೇರೆ ಬೇರೆ ದಿಕ್ಕಿಗೆ ಓರೆಯಾದರೆ ಜಾಯಿಂಟ್ ಬಿಗಿಯುತ್ತದೆ. ಆಗ ಅಂಚು ಚಕ್ಕೆ ಏಳಬಹುದು, ಇಲ್ಲವೇ ಗೆರೆ ಬಿಟ್ಟು ಬೇರೆಡೆ ಸೀಳಬಹುದು. ಸರಳು ಒಂದು ಬದಿಗೇ ಜಾರಿದ್ದರೆ ಇನ್ನೊಂದು ಬದಿಗೆ ಹಿಡಿತ ಸಾಲದು. ಕಾಲಕ್ರಮೇಣ ಒಂದು ಚಪ್ಪಡಿ ತಗ್ಗಿ, ಗಾಡಿ ದಡಕ್ಕೆಂದು ಹಾರುತ್ತದೆ. ಹಾಗೆಂದು ಒಂದು ಸರಳು ತುಸು ಓರೆಯಾದ ಮಾತ್ರಕ್ಕೆ ರಸ್ತೆ ಕೆಡುವುದಿಲ್ಲ.

'ಕಬ್ಬಿಣವೇ ಇಲ್ಲ' ಎಂದರೆ ಮೋಸವೇ?

ಹಾಗೇನಿಲ್ಲ. ಹಿರಿಯೂರು ತಾಲೂಕಿನ ಧರ್ಮಪುರದಂಥ ಊರುಗಳ ಒಳಬೀದಿಗಳಲ್ಲಿ ಹಾಕುವ ತೆಳು ಸಿಸಿ ರಸ್ತೆಗೆ ಸಾಮಾನ್ಯ ಜಾಯಿಂಟಿನಲ್ಲಿ ಡೋವೆಲ್ ಬೇಕಾಗುವುದಿಲ್ಲ. ಬಿರುಕಿನೊಳಗಿನ ಜಲ್ಲಿಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡೇ ಭಾರ ದಾಟಿಸುತ್ತವೆ.

ಫೋಟೊ ನೋಡುವಾಗ

ಬಿರುಕು ಕೊಯ್ದ ಗೆರೆಯೊಳಗೇ ಇದ್ದರೆ ಅದು ಬೇಕೆಂದೇ ಮಾಡಿದ್ದು. ಗೆರೆಯ ಪಕ್ಕದಲ್ಲಿದ್ದರೆ ಸರಳು ಓರೆ, ತಡವಾಗಿ ಗೆರೆ ಕೊಯ್ದದ್ದು, ಕಳಪೆ ಕಾಂಕ್ರೀಟ್, ಯಾವುದೂ ಆಗಿರಬಹುದು. ಒಳಗಿನ ಸರಳನ್ನು ಸ್ಕ್ಯಾನರ್ ತೋರಿಸಬಲ್ಲದು, ಮೊಬೈಲ್ ಫೋಟೊ ತೋರಿಸಲಾರದು. ಕಾರಣ ತಪ್ಪಾಗಿ ಹಿಡಿದರೆ ಮೇಲೆ ಸಿಮೆಂಟ್ ಮೆತ್ತಿ ಬಿಲ್ ಆಗುತ್ತದೆ. ಒಳಗಿನ ಬಿಗಿ ಹಾಗೇ ಉಳಿದು ಮತ್ತೆ ಸೀಳುತ್ತದೆ. ಹೋಗುವುದು ನಮ್ಮದೇ ತೆರಿಗೆ ಹಣ.

ನಮ್ಮ ತೀರ್ಮಾನ: 'ಬಿರುಕು ಎಂದರೆ ಸಿಮೆಂಟ್ ಕಳ್ಳತನ' ಎಂಬುದು ಅರ್ಧಸತ್ಯ. ನಿಮ್ಮೂರಿನ ರಸ್ತೆಯ ಅಂದಾಜುಪಟ್ಟಿ, ನಕ್ಷೆಯಲ್ಲಿ ಡೋವೆಲ್ ಇದೆಯೇ ಕೇಳಿ. ಇದ್ದರೆ ಕಾಂಕ್ರೀಟ್ ಸುರಿಯುವ ಮುನ್ನವೇ ಸರಳುಗಳು ರಸ್ತೆಯ ಉದ್ದಕ್ಕೆ ನೇರವಾಗಿ, ಅಲುಗದಂತೆ ಕೂತಿವೆಯೇ ನೋಡಿ. ಫೋಟೊ ತೆಗೆಯಬೇಕಾದ್ದು ಆಗ.