ಕಂಟೈನರ್ ಒಳಗಿನ ಪ್ರೋಗ್ರಾಂ ಏನು ಕೇಳಬೇಕು?

ವಾಮಂಜೂರಿನ ಸಂತ ಜೋಸೆಫ್ ಎಂಜಿನಿಯರಿಂಗ್ ಕಾಲೇಜು 2002ರಲ್ಲಿ ಆರಂಭವಾದಾಗ, ಕಂಟೈನರ್‌ಗಳನ್ನು ಓಡಿಸುವ ಸಾಧನವಾದ ಡಾಕರ್‌ನ ಹೆಸರೇ ಇರಲಿಲ್ಲ. ಅದು ಬಂದದ್ದು 2013ರಲ್ಲಿ. ಇಂದು ಇಂಥ ಕಾಲೇಜುಗಳಿಂದ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವರು ಬರೆಯುವ ಪ್ರೋಗ್ರಾಂಗಳಲ್ಲಿ ಬಹಳಷ್ಟು ಓಡುವುದು ಕಂಟೈನರ್‌ಗಳ ಒಳಗೆ.

ಕಂಟೈನರ್ ಎಂದರೆ ಬೇರೊಂದು ಕಂಪ್ಯೂಟರ್ ಅಲ್ಲ. ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಕಟ್ಟಡವನ್ನು ನೆನೆಯಿರಿ: ಕೋಣೆಗಳು ಬೇರೆ, ತಾರಸಿಯ ನೀರಿನ ಟ್ಯಾಂಕು ಒಂದೇ. ಇಲ್ಲಿ ಎಲ್ಲರಿಗೂ ಸೇರಿದ್ದು ಲಿನಕ್ಸ್ ಕರ್ನೆಲ್. ಯಾರಿಗೆ ಏನು ಕಾಣಬೇಕು ಎಂಬುದನ್ನು ‘ನೇಮ್‌ಸ್ಪೇಸ್’ ನಿರ್ಧರಿಸುತ್ತದೆ. ಯಾರಿಗೆ ಎಷ್ಟು ಮೆಮೊರಿ, ಎಷ್ಟು ಸಿಪಿಯು ಎಂಬುದನ್ನು ‘ಸಿಗ್ರೂಪ್’ ನಿರ್ಧರಿಸುತ್ತದೆ.

ತಾನು ಕಂಟೈನರ್ ಒಳಗಿದ್ದೇನೆಂದು ಪ್ರೋಗ್ರಾಂಗೆ ತಿಳಿಯುವುದು ಹೇಗೆ? ಕರ್ನೆಲ್ ಇದಕ್ಕೆ ಹೌದು-ಅಲ್ಲ ಎಂಬ ನೇರ ಉತ್ತರ ಕೊಡುವುದಿಲ್ಲ, ಕುರುಹುಗಳನ್ನು ಹುಡುಕಬೇಕು. ಡಾಕರ್ ಮೂಲ ಫೋಲ್ಡರಿನಲ್ಲಿ ‘ಡಾಕರ್‌ಎನ್ವ್’ ಎಂಬ ಗುಪ್ತ ಫೈಲನ್ನು ಇಡುತ್ತದೆ. ಆದರೆ ಅಂಥ ಫೈಲನ್ನು ಯಾರಾದರೂ ಸೃಷ್ಟಿಸಬಹುದು, ಅಳಿಸಲೂಬಹುದು. ಅಂಥದೇ ಇನ್ನೊಂದು ಸಾಧನವಾದ ಪೋಡ್‌ಮನ್ ಇಡುವ ಫೈಲಿನ ಹೆಸರೇ ಬೇರೆ. ಮೊದಲ ಪ್ರೊಸೆಸ್‌ನ ಸಿಗ್ರೂಪ್ ದಾಖಲೆಯಲ್ಲಿ ‘ಡಾಕರ್’ ಎಂಬ ಪದ ಹುಡುಕುವುದು ಹಿಂದೆ ಎಲ್ಲರ ರೂಢಿಯಾಗಿತ್ತು. ಸಿಗ್ರೂಪ್‌ನ ಎರಡನೇ ಆವೃತ್ತಿ ಬಂದ ಮೇಲೆ ಸಾಮಾನ್ಯವಾಗಿ ಅಲ್ಲಿ ಬರೀ ಒಂದು ಓರೆಗೆರೆ ಕಾಣುತ್ತದೆ. ಪದವನ್ನು ನಂಬಿದ್ದ ಪ್ರೋಗ್ರಾಂಗಳು ದಾರಿ ತಪ್ಪಿದವು.

ಜಾವಾ ಪಟ್ಟ ಪಾಡು ಇನ್ನೂ ಹೆಚ್ಚಿನದನ್ನು ಕಲಿಸುತ್ತದೆ. ಹಳೆಯ ಜಾವಾ ತನ್ನ ಪಾಲನ್ನು ನೋಡದೆ ಇಡೀ ಯಂತ್ರದ ಮೆಮೊರಿ ನೋಡಿ ಅದರ ಕಾಲುಭಾಗದವರೆಗೆ ಬಳಸಬಹುದೆಂದು ಲೆಕ್ಕ ಹಾಕುತ್ತಿತ್ತು. ಯಂತ್ರದಲ್ಲಿ 64 ಜಿಬಿ ಇದ್ದರೆ ಲೆಕ್ಕ 16 ಜಿಬಿ. ಕಂಟೈನರಿನ ಮಿತಿ 2 ಜಿಬಿಯಾದರೆ, ಅದನ್ನು ದಾಟಿದೊಡನೆ ಕರ್ನೆಲ್ ಪ್ರೋಗ್ರಾಂ ಅನ್ನೇ ಕೊಲ್ಲುತ್ತಿತ್ತು. 2018ರ ಮಾರ್ಚ್‌ನಲ್ಲಿ ಬಂದ ಜಾವಾ 10 ಸಿಗ್ರೂಪ್ ಮಿತಿಯನ್ನೇ ಓದಲು ಕಲಿತು ಈ ತೊಂದರೆ ನೀಗಿಸಿತು.

ಹಾಗಾಗಿ ‘ನಾನು ಎಲ್ಲಿದ್ದೇನೆ’ ಎನ್ನುವುದಕ್ಕಿಂತ ‘ನನ್ನ ಪಾಲು ಎಷ್ಟು, ಈ ಫೈಲಿಗೆ ಬರೆಯಬಹುದೇ’ ಎಂದು ಕೇಳುವುದೇ ಮೇಲು. ಕಂಟೈನರ್ ಹೊರಗೂ ಸಿಗ್ರೂಪ್ ಮಿತಿ ಇರಬಹುದು. ಒಳಗಿದ್ದೂ ಮಿತಿ ಇಲ್ಲದಿರಬಹುದು. ದೋಷವರದಿಗೆ ಜಾಗ ತಿಳಿಯಬೇಕಾದರೆ ‘ಸಿಸ್ಟಂಡಿ-ಡಿಟೆಕ್ಟ್-ವರ್ಟ್’ ಎಂಬ ಸಾಧನ ಸಾಕು. ಆದರೆ ಭದ್ರತೆಯ ತೀರ್ಮಾನವನ್ನು ಇಂಥ ಕುರುಹುಗಳ ಮೇಲೆ ನಿಲ್ಲಿಸಬಾರದು.

ಕಾಲೇಜಿನ ಪ್ರಯೋಗಾಲಯಗಳಲ್ಲಿ ಇದನ್ನು ಕಲಿಸುವುದು ಸುಲಭ. ವಿದ್ಯಾರ್ಥಿಯ ಪ್ರಾಜೆಕ್ಟನ್ನು ಒಮ್ಮೆ ಕಡಿಮೆ ಮೆಮೊರಿಯ ಮಿತಿ ಹಾಕಿ ಓಡಿಸಿ, ಎಲ್ಲಿ ಎಡವುತ್ತದೆ ಎಂದು ಅವರಿಂದಲೇ ಹುಡುಕಿಸಬೇಕು.